ಉಳಿಸಿದ ಯೂನಿಟ್‌ಗೂ ಬೆಲೆ ಸಿಗಬೇಕು

ನಡುರಾತ್ರಿ ತ್ರೀಫೇಸ್ ಕರೆಂಟ್ ಬರುತ್ತದೆ. ನಿದ್ದೆಗೆಟ್ಟು ತೋಟಕ್ಕೆ ಓಡುವ ಪಾಡು ಬೇಡವೆಂದು ರೈತ ಆಟೊ ಸ್ಟಾರ್ಟರ್ ಹಾಕಿಸಿರುತ್ತಾನೆ. ಮೋಟಾರು ತಾನಾಗಿ ಶುರುವಾಗುತ್ತದೆ. ಗಿಡದ ಬುಡ ತಣಿದ ಮೇಲೂ ನೀರು ಬದು ದಾಟಿ ಹರಿಯುತ್ತಲೇ ಇರುತ್ತದೆ. ಇದನ್ನು ರೈತನ ಅಸಡ್ಡೆ ಎನ್ನುವುದು ಅನ್ಯಾಯ. ಯಾವಾಗ ಬರುತ್ತದೋ ಎಂಬ ಖಾತ್ರಿಯಿಲ್ಲದ, ಎಷ್ಟು ಬಳಸಿದರೂ ಕಾಸು ಕೇಳದ ಕರೆಂಟ್ ಕೊಟ್ಟರೆ ಯಾರಾದರೂ ಮಾಡುವುದು ಇದನ್ನೇ.

ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಆ ಹಣವನ್ನು ಸರ್ಕಾರ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ತುಂಬಿಕೊಡುತ್ತದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲದ್ದರಿಂದ ಬಳಕೆಯ ಲೆಕ್ಕ ಅಂದಾಜಿನದು. ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ ಆ ಅಂದಾಜಿನಲ್ಲಿ ಸೇರಿಸಿ ರೈತನ ತಲೆಗೆ ಕಟ್ಟಲು ದಾರಿಯಾಗುತ್ತದೆ. ಇತ್ತ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಆಳಕ್ಕೆ ಕೊರೆಸುವ ತಾಕತ್ತಿದ್ದವನಿಗೆ ಸಬ್ಸಿಡಿಯೂ ಹೆಚ್ಚು. ಬಾವಿ ಬತ್ತಿ ಕೂತ ಸಣ್ಣ ರೈತನಿಗೆ ಸೊನ್ನೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹಾಗೆಂದು ನೆರವು ಕಿತ್ತುಕೊಳ್ಳಬೇಕಿಲ್ಲ. ಯಾವುದೇ ಪ್ರೋತ್ಸಾಹಧನದ ಆದೇಶ ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಫಲಾನುಭವಿ ಇನ್ನೊಂದು ಯೂನಿಟ್ ಬಳಸಿದರೆ ಅವನಿಗೇನು ಲಾಭ, ಉಳಿಸಿದರೆ ಏನು ಲಾಭ? ಉತ್ತರ ಐರ್ಲೆಂಡ್ ಇದನ್ನು ಕೇಳದೆ ಕೆಟ್ಟಿತು. ಕಟ್ಟಿಗೆ ಉಂಡೆಯಂಥ ಇಂಧನದಿಂದ ಶಾಖ ಪಡೆಯುವವರಿಗೆ ಅಲ್ಲಿ 2012ರಲ್ಲಿ ಸಹಾಯಧನ ಬಂತು. ಯೂನಿಟ್‌ಗೆ ಸಿಗುವ ಹಣ ಇಂಧನದ ಖರ್ಚಿಗಿಂತ ಹೆಚ್ಚಿತ್ತು. ಬ್ರಿಟನ್ನಿನ ಮೂಲ ಯೋಜನೆಯಲ್ಲಿ ಇಂತಿಷ್ಟು ಗಂಟೆಯ ಬಳಿಕ ದರ ಇಳಿಯುತ್ತಿತ್ತು. ನಕಲು ಮಾಡುವಾಗ ಆ ನಿಯಮವನ್ನೇ ಬಿಟ್ಟರು. ಹೆಚ್ಚು ಸುಟ್ಟಷ್ಟೂ ಹೆಚ್ಚು ಹಣ ಎಂದಾಯಿತು. 2016ರಲ್ಲಿ ಹೊಸ ಅರ್ಜಿ ನಿಲ್ಲಿಸಬೇಕಾಯಿತು.

ಉಳಿಸಿದರೆ ಲಾಭ ಸಿಗುವಂತೆ ಪಂಜಾಬ್ 2018ರಲ್ಲಿ ‘ಪಾನಿ ಬಚಾವೋ ಪೈಸಾ ಕಮಾವೋ’ ಎಂಬ ಪ್ರಯೋಗ ಶುರುಮಾಡಿತು. ಒಪ್ಪಿ ಬಂದ ರೈತನ ಪಂಪ್‌ಸೆಟ್‌ಗೆ ಮೀಟರ್. ಎಚ್‌ಪಿ ನೋಡಿ ತಿಂಗಳಿಗಿಷ್ಟು ಯೂನಿಟ್ ಪಾಲು. ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಅವನ ಖಾತೆಗೆ. ಪಾಲು 1,000 ಯೂನಿಟ್ ಇದ್ದು 800 ಬಳಸಿದನೆನ್ನಿ, 800 ರೂಪಾಯಿ ಅವನದು. ಆಗ ಆಟೊ ಸ್ಟಾರ್ಟರ್ ಸುಮ್ಮನೆ ಓಡಿದರೆ ನಷ್ಟ ಅವನದೇ. ಪಾಲು ಮೀರಿದರೂ ಬಿಲ್ ಇಲ್ಲ. ಇದೇ ಯೋಜನೆಯ ಜೀವಾಳ, ಯಾಕೆಂದರೆ ‘ಇವತ್ತು ಮೀಟರ್, ನಾಳೆ ಬಿಲ್’ ಎಂಬ ಭಯ ಹೋಗದೆ ಯಾವ ರೈತನೂ ಮೀಟರ್ ಮುಟ್ಟಗೊಡುವುದಿಲ್ಲ.

ಇಂಥ ಯೋಜನೆಗೂ ಕನ್ನ ಹಾಕಬಹುದು. ಪಕ್ಕದ ಮೀಟರಿಲ್ಲದ ಲೈನಿನಿಂದ ಮೋಟಾರು ಓಡಿಸಿ, ತನ್ನ ಮೀಟರಿನಲ್ಲಿ ‘ಉಳಿತಾಯ’ ತೋರಿಸಬಹುದು. ಬತ್ತಿದ ಬಾವಿಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿಗೂ ಹಣ ಎಣಿಸಿಕೊಳ್ಳಬಹುದು. ಆದ್ದರಿಂದ ಒಂದು ಟ್ರಾನ್ಸ್‌ಫಾರ್ಮರ್‌ಗೆ (ಟಿ.ಸಿ.) ಸೇರಿದ ಎಲ್ಲ ಪಂಪ್‌ಸೆಟ್‌ಗಳಿಗೂ ಒಟ್ಟಿಗೇ ಮೀಟರ್ ಬೇಕು, ಟಿ.ಸಿ.ಗೂ ಒಂದು. ಎರಡೂ ಲೆಕ್ಕ ತಾಳೆಯಾದರೆ ಮಾತ್ರ ಹಣ. ಗುಜರಾತಿನ ಜ್ಯೋತಿಗ್ರಾಮ ಯೋಜನೆಯಂತೆ ಮೊದಲೇ ತಿಳಿಸಿದ ಹೊತ್ತಿಗೆ ಕರೆಂಟ್ ಕೊಡಬೇಕು. ಮೊದಲು ಒಂದೇ ಫೀಡರ್‌ನಲ್ಲಿ, ಬೇಸಿಗೆ ಮಳೆಗಾಲ ಎರಡೂ ಕಳೆಯುವವರೆಗೆ ನಡೆಸಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು; ಎಲ್ಲಿ ಸೋರುತ್ತಿದೆ ಎಂದು ಊರಿನವರಿಗೇ ಮೊದಲು ಗೊತ್ತಾಗುತ್ತದೆ.