ಇಡ್ಲಿ ಪಾತ್ರೆಯೊಳಗಿನ ಗುಪ್ತೋಷ್ಣ

ಬೆಳಗಿನ ನಾಲ್ಕೂವರೆಗೆ ನಮ್ಮ ಅಡುಗೆಮನೆಗಳಲ್ಲಿ ಮೊದಲು ಏಳುವುದು ಇಡ್ಲಿ ಪಾತ್ರೆಯ ಹಬೆ. ಆ ಹಬೆಯ ಮುಂದೆ ನಿಂತೇ ನಮ್ಮಲ್ಲಿ ಹೆಚ್ಚಿನವರು ಈ ಉದ್ಯಮ ಕಲಿತವರು. ಆದರೆ ಅದರೊಳಗೆ ಏನಿದೆ ಎಂದು ನಾನು ವಿಚಾರ ಮಾಡಿದ್ದು ಬಹಳ ತಡವಾಗಿ, ಒಬ್ಬ ಹುಡುಗನ ಕೈ ಸುಟ್ಟ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯ ನಮ್ಮ ಹೋಟೆಲಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಗಡಿಬಿಡಿಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳವನ್ನು ತನ್ನ ಕಡೆಗೇ ಎತ್ತಿದ. ಒಂದೇ ಕ್ಷಣ, ಮೊಣಕೈವರೆಗೆ ಚರ್ಮ ಎದ್ದುಬಂತು. ಯಾರೋ ಟೂತ್‌ಪೇಸ್ಟ್ ಹಚ್ಚಿದರು. ಡಾಕ್ಟರರು ಅದನ್ನು ತೊಳೆಯುತ್ತಾ, "ಇದು ಹಬೆಯ ಗಾಯ, ನೀರಿನದಕ್ಕಿಂತ ಆಳ" ಎಂದರು. ಅವನು ಒಂದೂವರೆ ತಿಂಗಳು ಕೆಲಸಕ್ಕೆ ಬರಲಾಗಲಿಲ್ಲ. ಊರಿಗೆ ಫೋನ್ ಮಾಡಿ ಅವನ ತಾಯಿಗೆ ವಿಷಯ ತಿಳಿಸಿದವನು ನಾನೇ. ಆ ಫೋನ್ ಇಂದಿಗೂ ಮರೆತಿಲ್ಲ.

ಕುದಿಯುವ ನೀರೂ ನೂರು ಡಿಗ್ರಿ, ಅದರ ಹಬೆಯೂ ನೂರು ಡಿಗ್ರಿ. ಹಾಗಾದರೆ ಹಬೆಗೆ ಈ ಹೆಚ್ಚಿನ ಉಗ್ರತೆ ಎಲ್ಲಿಂದ ಬಂತು? ಉತ್ತರ ನಾನು ರಾತ್ರಿಶಾಲೆಯಲ್ಲಿ ಓದಿ ಮರೆತ ಒಂದು ಪದದಲ್ಲಿತ್ತು: ಗುಪ್ತೋಷ್ಣ. ಇಂಗ್ಲಿಷಿನವರು ಲೇಟೆಂಟ್ ಹೀಟ್ ಎನ್ನುವುದು ಇದನ್ನೇ.

ಪದದ ಅರ್ಥ

ಒಲೆಯ ಮೇಲೆ ನೀರಿಟ್ಟರೆ ಅದರ ಬಿಸಿ ಏರುತ್ತಾ ಹೋಗುತ್ತದೆ. ಸಮುದ್ರ ಮಟ್ಟದಲ್ಲಿರುವ ಮುಂಬಯಿ, ಚೆನ್ನೈಗಳಲ್ಲಿ 100 ಡಿಗ್ರಿಗೆ, ಎತ್ತರದಲ್ಲಿರುವ ಪುಣೆ, ಹೈದರಾಬಾದ್‌ಗಳಲ್ಲಿ ಸುಮಾರು 98 ಡಿಗ್ರಿಗೆ ಅದು ಕುದಿಯುತ್ತದೆ. ಅಲ್ಲಿಂದ ಮುಂದೆ ತೆರೆದ ಪಾತ್ರೆಯಲ್ಲಿ ನೀವು ಎಷ್ಟೇ ಉರಿ ಕೊಟ್ಟರೂ ನೀರಿನ ಬಿಸಿ ಏರುವುದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಹಬೆಯಾಗಿಸಲು ಖರ್ಚಾಗುತ್ತದೆ. ಥರ್ಮಾಮೀಟರ್‌ಗೆ ಕಾಣದೆ ಹಬೆಯೊಳಗೆ ಅಡಗಿ ಕೂರುವ ಈ ಶಾಖವೇ ಗುಪ್ತೋಷ್ಣ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಗ್ಯಾಸ್ ಸಿಲಿಂಡರಿಗೆ ಕಟ್ಟಿದ ಡೆಪಾಸಿಟ್ ಇದ್ದ ಹಾಗೆ. ಗಲ್ಲಾದಲ್ಲಿ ಎಣಿಸಿದರೆ ಕಾಣಿಸದು, ಆದರೆ ಕಳೆದುಹೋದದ್ದೂ ಅಲ್ಲ. ಸಿಲಿಂಡರ್ ವಾಪಸು ಮಾಡಿದ ದಿನ ಡೆಪಾಸಿಟ್ ಕೈಗೆ ಬರುವಂತೆ, ಹಬೆ ಮತ್ತೆ ನೀರಾದ ಕ್ಷಣ ಅಡಗಿದ್ದ ಶಾಖವೆಲ್ಲ ಹೊರಬರುತ್ತದೆ.

ಈ ಹೆಸರು ಕೊಟ್ಟವರು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1760ರ ದಶಕದಲ್ಲಿ ಅವರು ಇದನ್ನು ಅಳೆದು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್, ಸ್ವಲ್ಪವೇ ಹಬೆ ತನ್ನ ತೂಕದ ಆರು ಪಟ್ಟು ತಣ್ಣೀರನ್ನು ಕುದಿಯುವಷ್ಟು ಬಿಸಿ ಮಾಡುವುದನ್ನು ಕಂಡು ಬೆರಗಾದರು. ಕಾರಣ ತಿಳಿಸಿದವರು ಬ್ಲ್ಯಾಕ್. ಉಗಿ ಯಂತ್ರದಲ್ಲಿ ಶಾಖ ಪೋಲಾಗುವುದನ್ನು ತಡೆದು 1769ರಲ್ಲಿ ಪೇಟೆಂಟ್ ಪಡೆದವರು ಇದೇ ವ್ಯಾಟ್.

ಲೆಕ್ಕ ನೋಡೋಣ

ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು 70 ಕಿಲೋಕ್ಯಾಲೊರಿ ಸಾಕು. ಅದೇ ಒಂದು ಲೀಟರನ್ನು ಪೂರ್ತಿ ಹಬೆಯಾಗಿಸಲು ಇನ್ನೂ 540 ಕಿಲೋಕ್ಯಾಲೊರಿ ಬೇಕು. ಅಂದರೆ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಹೋಯಿತೆಂದರೆ, ಸುಮಾರು ಏಳೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಚಿಮಣಿ ಸೇರಿತು.

ಈಗ ಇಡ್ಲಿಗೆ ಬರೋಣ. ಇಡ್ಲಿಯನ್ನು ಬೇಯಿಸುವುದು ಮುಖ್ಯವಾಗಿ ಈ ಗುಪ್ತೋಷ್ಣವೇ. ತಣ್ಣನೆಯ ಹಿಟ್ಟಿಗೆ ತಾಗಿದ ಹಬೆ ನೀರಾಗಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಕಿಲೋ ಹಿಟ್ಟು ನೂರು ಡಿಗ್ರಿಗೆ ಏರಲು ಸುಮಾರು 120 ಗ್ರಾಂ ಹಬೆ ಸಾಕು, ತಟ್ಟೆ ಮತ್ತು ಪಾತ್ರೆಗೆ ಇನ್ನೊಂದಿಷ್ಟು. ತಟ್ಟೆ ಇಟ್ಟ ಮೊದಲ ಕೆಲವು ನಿಮಿಷ ದೊಡ್ಡ ಉರಿ ಇದ್ದರೂ ಮುಚ್ಚಳದಿಂದ ಹಬೆ ಅಷ್ಟಾಗಿ ಬಾರದಿರುವುದನ್ನು ನೀವು ಗಮನಿಸಿರಬಹುದು. ಆಗ ಹಬೆಯೆಲ್ಲ ಹಿಟ್ಟಿನ ಮೇಲೆ ಕೆಲಸ ಮಾಡುತ್ತಿರುತ್ತದೆ. ಮತ್ತೆ ಜೋರಾಗಿ ಹೊರಗೆ ಬರತೊಡಗಿತೆಂದರೆ ಇಡ್ಲಿಯ ಮೇಲ್ಮೈ ಕಾದಾಯಿತು. ಇನ್ನು ಒಳಗೆ ಬೇಯಲು ಬೇಕಾದದ್ದು ಸಮಯ, ದೊಡ್ಡ ಉರಿಯಲ್ಲ.

ಇದನ್ನು ನಮ್ಮ ಭಟ್ಟರಿಗೆ ಹೇಳಿದೆ. "ಉರಿ ಇಳಿಸಿದ್ರೆ ಇಡ್ಲಿ ಗಟ್ಟಿ ಆಗ್ತದೆ ಧಣಿ, ಮತ್ತೆ ಗಿರಾಕಿ ನನಗೆ ಬೈಯ್ಯೋದು" ಎಂದರು. "ಭಟ್ರೇ, ಒಂದು ವಾರ ನೋಡುವ, ಹಾಳಾದ್ರೆ ನನ್ನ ಲೆಕ್ಕಕ್ಕೆ ಬರಲಿ" ಎಂದೆ. ಹಬೆ ನಿಲ್ಲದಷ್ಟು ಉರಿ ಇಟ್ಟು, ಗಡಿಯಾರ ನೋಡಿ ಇಳಿಸಿದರು. ಇಡ್ಲಿ ಮೊದಲಿನ ಹಾಗೇ ಬಂತು. ಗಿರಾಕಿಗಳು ಏನೂ ಹೇಳಲಿಲ್ಲ. ಪಾತ್ರೆಗೆ ಮತ್ತೆ ಮತ್ತೆ ನೀರು ಸುರಿಯುವ ಕೆಲಸ ಮಾತ್ರ ಕಡಿಮೆಯಾಯಿತು.

ಆ ನೀರೇ ನಿಮ್ಮ ಮೀಟರ್. ಬೆಳಿಗ್ಗೆ ಹಾಕಿದ ನೀರು, ನಡುವೆ ಸುರಿದದ್ದು, ಕೊನೆಗೆ ಉಳಿದದ್ದು, ಮೂರನ್ನೂ ಲೀಟರಿನಲ್ಲಿ ಬರೆದಿಡಿ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಇದೆ. ಅದರಲ್ಲಿ ಅರ್ಧ ಪಾತ್ರೆಗೆ ತಲುಪುತ್ತದೆ ಎಂದು ಹಿಡಿದರೆ ಒಂದು ಕಿಲೋ ಗ್ಯಾಸಿಗೆ ಸುಮಾರು 10 ಲೀಟರ್ ನೀರು ಹಬೆಯಾಗುತ್ತದೆ. ಇಡ್ಲಿ, ಸಾಂಬಾರ್, ಚಹಾದ ನೀರು ಎಲ್ಲ ಸೇರಿ ದಿನಕ್ಕೆ 10 ಲೀಟರ್ ವ್ಯರ್ಥ ಹಬೆ ಉಳಿಸಿದರೆ ತಿಂಗಳಿಗೆ 30 ಕಿಲೋ, ಅಂದರೆ 19 ಕಿಲೋದ ಒಂದೂವರೆ ಸಿಲಿಂಡರ್. ಸಾಂಬಾರ್ ಒಮ್ಮೆ ಕುದಿದ ಮೇಲೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಡಿ. ಗಳಗಳ ಕುದಿಸಿದರೆ ಅದು ಹೆಚ್ಚು ಬಿಸಿಯಾಗದು, ಬತ್ತುತ್ತದೆ ಅಷ್ಟೇ.

ಸಿಲಿಂಡರಿನ ಮೇಲೆ ಮಂಜು

ಇದೇ ಗುಪ್ತೋಷ್ಣ ಸಿಲಿಂಡರಿನಲ್ಲೂ ಇದೆ. ಒಳಗಿನ ಎಲ್‌ಪಿಜಿ ದ್ರವ ರೂಪದಲ್ಲಿರುತ್ತದೆ. ಅದು ಗ್ಯಾಸ್ ಆಗಲು ಬೇಕಾದ ಶಾಖವನ್ನು ತನ್ನಿಂದಲೂ ಸಿಲಿಂಡರಿನ ಲೋಹದಿಂದಲೂ ಎಳೆದುಕೊಳ್ಳುತ್ತದೆ. ಒಂದೇ ಸಿಲಿಂಡರಿನಿಂದ ಹಲವು ಬರ್ನರ್ ಓಡಿಸಿದಾಗ ಅದು ತಣ್ಣಗಾಗಿ ಹೊರಗೆ ನೀರು, ಮಂಜು ಕಟ್ಟುತ್ತದೆ, ಒತ್ತಡ ಬೀಳುತ್ತದೆ, ಉರಿ ಕುಗ್ಗುತ್ತದೆ. ದೆಹಲಿಯ ಚಳಿಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸಿಲಿಂಡರ್ ಖಾಲಿಯಾಗಿರುವುದಿಲ್ಲ, ಆದರೆ ಖಾಲಿಯೆಂದು ತಿಳಿದು ಗ್ಯಾಸ್ ಸಮೇತ ವಾಪಸು ಕೊಡುವವರಿದ್ದಾರೆ.

ಇದಕ್ಕೆ ಸರಿಯಾದ ದಾರಿ ಒಂದೇ ಸಾಲಿಗೆ ಹೆಚ್ಚು ಸಿಲಿಂಡರ್ ಜೋಡಿಸಿ ಭಾರ ಹಂಚುವುದು. ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ಇಡುವುದು, ಒಲೆಯ ಹತ್ತಿರ ತರುವುದು, ಅಡ್ಡ ಮಲಗಿಸುವುದು, ಇವು ಮೂರೂ ಅಪಾಯ. ಅಡ್ಡ ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗಿ ಬರ್ನರಿನಲ್ಲಿ ದೊಡ್ಡ ಜ್ವಾಲೆ ಏಳಬಹುದು.

ಹುಡುಗರ ಕೈ

ಕೊನೆಗೆ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಒಂದು ಗ್ರಾಂ ಕುದಿನೀರು ಚರ್ಮದ ಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಾಗ ಸುಮಾರು 63 ಕ್ಯಾಲೊರಿ ಬಿಡುತ್ತದೆ. ಒಂದು ಗ್ರಾಂ ಹಬೆಯಾದರೆ 540 ಸೇರಿ 603. ಹತ್ತಿರ ಹತ್ತಿರ ಹತ್ತು ಪಟ್ಟು! ಇಡ್ಲಿಯನ್ನು ಬೇಯಿಸುವ ಅದೇ ಶಾಖ ಕೈಯನ್ನೂ ಬೇಯಿಸುತ್ತದೆ. ಇನ್ನೊಂದು ಮಾತು: ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಗೆ ಕಾಣುವುದು ಆಗಲೇ ತಣಿದು ಹನಿಯಾದದ್ದು. ಬಾಯ್ಲರಿನ ನಳಿಗೆಯ ಬಾಯಿಯಲ್ಲಿ ಏನೂ ಇಲ್ಲವೆಂದು ತೋರುವ ಜಾಗವೇ ಹೆಚ್ಚು ಅಪಾಯದ್ದು.

ಆದ್ದರಿಂದ ಹೊಸ ಹುಡುಗ ಕೆಲಸಕ್ಕೆ ಸೇರಿದ ದಿನವೇ ಇಷ್ಟನ್ನು ಕಲಿಸಿ. ಮುಚ್ಚಳ ತೆಗೆಯುವ ಮೊದಲು ಉರಿ ಇಳಿಸಬೇಕು. ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಬೇಕು, ಹಬೆ ನಮ್ಮಿಂದ ದೂರ ಹೋಗಬೇಕು. ಹಿಡಿಯಲು ಒಣ ಬಟ್ಟೆಯೇ ಬೇಕು, ಒದ್ದೆ ಬಟ್ಟೆಯಲ್ಲಿ ಬಿಸಿ ಬೇಗ ಒಳಗಿಳಿಯುತ್ತದೆ. ಉದ್ದ ಕೈಗವಸು ಕೊಟ್ಟರೆ ಇನ್ನೂ ಒಳ್ಳೆಯದು. ಸುಟ್ಟರೆ ತಕ್ಷಣ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿದು, ಆಮೇಲೆ ಡಾಕ್ಟರರ ಬಳಿ ಹೋಗಬೇಕು. ಟೂತ್‌ಪೇಸ್ಟ್, ತುಪ್ಪ, ಐಸ್ ಯಾವುದೂ ಬೇಡ.

ನಮ್ಮ ಆ ಹುಡುಗ ಈಗ ಭಟ್ಟರ ಕೈಕೆಳಗೆ ಇಡ್ಲಿ ವಿಭಾಗವನ್ನೇ ನೋಡಿಕೊಳ್ಳುತ್ತಾನೆ. ಗುಪ್ತೋಷ್ಣವೆಂಬ ಪದ ಅವನಿಗೆ ಗೊತ್ತಿಲ್ಲ. ಆದರೆ ಹೊಸಬರು ಬಂದಾಗ ಮೊದಲು ತನ್ನ ಕೈಯ ಕಲೆ ತೋರಿಸುತ್ತಾನೆ, ಆಮೇಲೆ ಮುಚ್ಚಳ ಎತ್ತುವುದನ್ನು ತೋರಿಸುತ್ತಾನೆ. ಆ ಪಾಠ ಅವನ ಮೈಮೇಲೆ ಬರೆಯುವ ಮೊದಲೇ ನಾನು ಬಾಯಿಮಾತಿನಲ್ಲಿ ಹೇಳಿಕೊಡಬೇಕಿತ್ತು. ನೀವು ಹೇಳಿಕೊಡಿ.