ಆರನೇ ಕ್ಲಾಸಿಗೆ ಬಂದು ಮೌನವಾಗುವ ಮಕ್ಕಳು

ನಾಲ್ಕನೇ ತರಗತಿ ತನಕ ಎದ್ದು ನಿಂತು ಉತ್ತರ ಹೇಳುತ್ತಿದ್ದ ಎಷ್ಟೋ ಮಕ್ಕಳು ಆರು, ಏಳಕ್ಕೆ ಬಂದಾಗ ಹಿಂದಿನ ಬೆಂಚು ಹಿಡಿಯುತ್ತಾರೆ. ದಡ್ಡರೆಂದು ನಾವು ಬಯ್ಯುತ್ತೇವೆ. ಆದರೆ ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ವಿಷಯ ಗೊತ್ತಿದ್ದರೂ ಹೇಳಲು ಮಾತು ಸಿಗುವುದಿಲ್ಲ, ಉಳಿದವರು ನಗುತ್ತಾರೆಂಬ ಹೆದರಿಕೆ ಬೇರೆ. ವಿಜಯಪುರ ಜಿಲ್ಲೆಯ ಮುಳವಾಡದ ಕಡೆ ಉರ್ದು ಮನೆಮಾತಿನ ಮಕ್ಕಳದ್ದೂ ಇದೇ ಕಷ್ಟ.

ಮಾತು ಬಾರದ ನಾಚಿಕೆ ಎಂತದ್ದೆಂದು ಹರೇಕಳ ಹಾಜಬ್ಬರಿಗೆ ಗೊತ್ತು. ವಿದೇಶಿಯರು ಕಿತ್ತಳೆಯ ಬೆಲೆ ಕೇಳಿದಾಗ ಉತ್ತರಿಸಲಾಗದ ಆ ನೋವೇ ನ್ಯೂಪಡ್ಪುವಿನಲ್ಲಿ ಶಾಲೆಯಾಯಿತು. 2020ರ ಪದ್ಮಶ್ರೀಯೂ ಅವರಿಗೆ ಬಂತು.

ನಮ್ಮ ಕೆಲಸ ಅಷ್ಟು ದೊಡ್ಡದೇನಲ್ಲ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯೋಣ. ಮಗು ಮೊದಲು ಪಕ್ಕದವನೊಂದಿಗೆ ಬ್ಯಾರಿಯಲ್ಲೇ ಮಾತಾಡಿಕೊಳ್ಳಲಿ, ಮತ್ತೆ ಕನ್ನಡದಲ್ಲಿ ಹೇಳಲಿ. ತಪ್ಪಿದರೆ ನಗಲು ಬಿಡಬಾರದು. ಮದ್ರಸ ಮುಗಿಸಿ ತಿಂಡಿ ತಿನ್ನದೆ ಶಾಲೆಗೆ ಓಡುವ ಮಗು ಪಾಠ ಕೇಳುವುದಾದರೂ ಹೇಗೆ? ಉಮ್ಮ, ಬಾಪ ಇದನ್ನು ನೋಡಿಕೊಳ್ಳಬೇಕು. ಉಸ್ತಾದರೂ ಶಾಲೆಯ ಟೀಚರೂ ಆಗಾಗ ಕೂತು ಮಾತಾಡಬೇಕು.

ಕಡ್ಡಾಯ ಶಿಕ್ಷಣದ ಕಾನೂನು 14 ವರ್ಷಕ್ಕೆ ನಿಲ್ಲುತ್ತದೆ. ಮುಂದೆ ಓದುವ ಆಸೆ ಅದಕ್ಕೆ ಮೊದಲೇ ಹುಟ್ಟಬೇಕು. ಇಂದು ಮಗು ಮನೆಗೆ ಬಂದಾಗ ಮಾರ್ಕ್ ಕೇಳುವ ಮೊದಲು, ಕ್ಲಾಸಿನಲ್ಲಿ ಯಾವ ಪ್ರಶ್ನೆ ಕೇಳಿದೆ ಎಂದು ವಿಚಾರಿಸೋಣ.