ಅದು ಗ್ಯಾಸಲ್ಲ, ಕಲ್ಲು!

ರಾತ್ರಿ ಹನ್ನೊಂದೂವರೆ. ಮನೆಮಂದಿಯೆಲ್ಲ ಉಂಡು ಮಲಗಿದ್ದಾರೆ. ನಿಮಗೆ ಮಾತ್ರ ನಿದ್ದೆಯಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಬಲಗಡೆ, ಯಾರೋ ಮುಷ್ಟಿಯಿಟ್ಟು ಒತ್ತಿದ ಹಾಗೆ ನೋವು. ಅದು ಹಾಗೇ ಬೆನ್ನಿಗೆ ಹರಿದು ಬಲಭುಜದ ಕೆಳಗೆ ಹೋಗಿ ಕೂರುತ್ತದೆ. ಕೂತರೂ ಆಗದು, ಮಲಗಿದರೂ ಆಗದು. ಎದ್ದು ಅಡುಗೆಮನೆಗೆ ಹೋಗಿ ಓಮದ ಕಾಳು ಜಗಿಯುತ್ತೀರಿ. ಇಂಗು ಹಾಕಿದ ಮಜ್ಜಿಗೆ ಕುಡಿಯುತ್ತೀರಿ. ಎರಡು ಗಂಟೆ ಅತ್ತಿಂದಿತ್ತ ಓಡಾಡಿದ ಮೇಲೆ ನೋವು ತಾನಾಗಿ ಇಳಿಯುತ್ತದೆ. ಬೆಳಗ್ಗೆ ಯಾರಾದರೂ ಕೇಳಿದರೆ 'ಏನಿಲ್ಲ, ಸ್ವಲ್ಪ ಗ್ಯಾಸ್ ಆಗಿತ್ತು' ಅಂತ ಹೇಳಿ ಚಪಾತಿ ಹಿಟ್ಟು ಕಲೆಸೋಕೆ ಶುರು ಮಾಡ್ತೀರಿ.

ಇದು ನಿಮ್ಮ ಕಥೆಯೂ ಆಗಿದ್ದರೆ ದಯವಿಟ್ಟು ಮುಂದೆ ಓದಿ. ಯಾಕಂದ್ರೆ ನಾನೂ ಹೀಗೇ ಮಾಡಿದೆ. ಎರಡು ದಿನದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದೆ.

ಒಬ್ಬಟ್ಟಿನ ರಾತ್ರಿ

ಕಳೆದ ವರ್ಷದ ಯುಗಾದಿ. ಒಬ್ಬಟ್ಟು, ಆಂಬೊಡೆ, ಮೇಲೆ ಧಾರಾಳವಾಗಿ ತುಪ್ಪ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ನಾನು ಉಂಡಾಗ ಮೂರು ಗಂಟೆ. ರಾತ್ರಿ ಅದೇ ನೋವು, ಜತೆಗೆ ವಾಂತಿ. ಮರುದಿನ ನಮ್ಮ ಫ್ಯಾಮಿಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮೊದಲು ಇಸಿಜಿ ಮಾಡಿಸಿದರು. ಹೃದಯದ ನೋವೂ ಎಷ್ಟೋ ಸಲ ಗ್ಯಾಸಿನ ವೇಷದಲ್ಲೇ ಬರುತ್ತಂತೆ. ಅದು ಸರಿಯಿತ್ತು. ಮಾರನೇ ದಿನ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಸ್ಕ್ಯಾನಿಂಗ್. ಊಟ ಮಾಡಿದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಸರಿಯಾಗಿ ಕಾಣೋದಿಲ್ಲ. ಅದಕ್ಕೇ ಖಾಲಿ ಹೊಟ್ಟೆ.

ರಿಪೋರ್ಟಿನಲ್ಲಿ ಬರೆದಿತ್ತು: ಪಿತ್ತಕೋಶದಲ್ಲಿ ಹಲವು ಸಣ್ಣ ಕಲ್ಲುಗಳು.

ಸಣ್ಣ ಅನ್ನೋ ಪದ ಓದಿ ನನಗೆ ಸಮಾಧಾನವಾಯಿತು. ಅದೇ ನಾನು ಮಾಡಿದ ಮೊದಲ ತಪ್ಪು.

ಏನಿದು ಪಿತ್ತಕೋಶ?

ಲಿವರ್ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲವೇ ಪಿತ್ತಕೋಶ. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ. ಈ ಚೀಲದ ಕೆಲಸ ಅದನ್ನು ಕೂಡಿಟ್ಟು ಗಟ್ಟಿ ಮಾಡೋದು, ಅಷ್ಟೇ. ನಾವು ಎಣ್ಣೆ-ತುಪ್ಪದ ಊಟ ಮಾಡಿದಾಗ ಅದು ಕುಗ್ಗಿ, ಪಿತ್ತರಸವನ್ನು ಸಣ್ಣ ಕೊಳವೆಯ ಮೂಲಕ ಕರುಳಿಗೆ ಕಳಿಸುತ್ತದೆ. ಪಿತ್ತರಸದಲ್ಲಿ ಕೊಲೆಸ್ಟರಾಲ್ ಅಥವಾ ಬಣ್ಣದ ಅಂಶ ಹೆಚ್ಚಾದರೆ ಹರಳುಗಟ್ಟಿ ಕಲ್ಲಾಗುತ್ತದೆ. ಚೀಲ ಕುಗ್ಗುವಾಗ ಕಲ್ಲು ಬಾಯಿಗೆ ಬಂದು ಅಡ್ಡ ನಿಂತರೆ ನೋವು. ಹಬ್ಬದೂಟ, ಮದುವೆಯೂಟದ ರಾತ್ರಿಯೇ ಇದು ಯಾಕೆ ಕಾಡುತ್ತೆ ಅಂತ ಈಗ ಗೊತ್ತಾಯಿತಲ್ಲ?

ಈ ಕಲ್ಲು ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಈಸ್ಟ್ರೋಜೆನ್ ಹಾರ್ಮೋನು, ಗರ್ಭಧಾರಣೆ, ಹೆಚ್ಚಿದ ತೂಕ ಎಲ್ಲವೂ ಇದಕ್ಕೆ ಕಾರಣ. ತೂಕ ಇಳಿಸಬೇಕೆಂದು ಹಟ ಹಿಡಿದು ತಿಂಗಳಲ್ಲಿ ಏಳೆಂಟು ಕೆಜಿ ಇಳಿಸುವವರಿಗೂ ಬರುತ್ತದೆ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು.

ಮುಂದೂಡಿದ ಏಳು ತಿಂಗಳು

'ನೋವು ಬಂದಾಗಿದೆ, ಇನ್ನು ಕಾಯೋದು ಬೇಡ. ತೆಗೆಸಿಬಿಡಿ' ಅಂದರು ಸರ್ಜನ್. ನಾನು ತಲೆಯಾಡಿಸಿ ಬಂದೆ. ಆದರೆ ಮಗಳಿಗೆ ಸಿಇಟಿ ಹತ್ತಿರವಿತ್ತು. ಅದಾಗಲಿ ಅಂದೆ. ಅದಾದ ಮೇಲೆ ನಾದಿನಿಯ ಸೀಮಂತ. ಆಮೇಲೆ ಗೌರಿ ಹಬ್ಬ, ಆಯುಧಪೂಜೆ. ನನ್ನ ಹೊಟ್ಟೆಯ ಕಲ್ಲಿಗೆ ಮನೆಯ ಕ್ಯಾಲೆಂಡರಿನಲ್ಲಿ ಒಂದು ದಿನವೂ ಸಿಗಲಿಲ್ಲ. ಯಾರೂ ಬೇಡ ಅಂದವರಲ್ಲ. ಬೇಡ ಅಂದವಳು ನಾನೇ.

ಈ ನಡುವೆ ಸಲಹೆಗಳಿಗೇನೂ ಕಡಿಮೆಯಿರಲಿಲ್ಲ. ಬಾಳೆದಿಂಡಿನ ರಸ ಕುಡಿ ಅಂದರು ಒಬ್ಬರು. ಹುರುಳಿಕಟ್ಟಿನ ಸಾರು ಮಾಡಿಕೋ ಅಂದರು ಇನ್ನೊಬ್ಬರು. ಇವೆರಡೂ ಜನ ಮೂತ್ರಪಿಂಡದ ಕಲ್ಲಿಗೆ ಹೇಳುವ ಮದ್ದು. ಮೂತ್ರದ ದಾರಿಯೇ ಬೇರೆ, ಪಿತ್ತದ ದಾರಿಯೇ ಬೇರೆ. ಎಷ್ಟು ನೀರು ಕುಡಿದರೂ ಪಿತ್ತಕೋಶದ ಕಲ್ಲು ತೊಳೆದುಕೊಂಡು ಹೋಗೋದಿಲ್ಲ. ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡಿದರೆ ಕಲ್ಲು ಮಲದಲ್ಲಿ ಬೀಳುತ್ತೆ ಅಂತಲೂ ಒಬ್ಬರು ಹೇಳಿದರು. ಹಾಗೆ ಬೀಳುವ ಹಸಿರು ಉಂಡೆಗಳು ಕಲ್ಲಲ್ಲವಂತೆ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನ ಹಾಗೆ ಗಟ್ಟಿಯಾಗಿ ಬರೋದಂತೆ.

ದೀಪಾವಳಿ ಮುಗಿದ ನಾಲ್ಕನೇ ದಿನ ನೋವು ಬಂದದ್ದು ಇಳಿಯಲಿಲ್ಲ. ಮೂತ್ರ ಕಡು ಹಳದಿ. ಕಣ್ಣಿನ ಬಿಳಿ ಗುಡ್ಡೆ ಅರಿಸಿನ ಬಳಿದ ಹಾಗೆ. 'ಕಾಮಾಲೆ. ಊರಲ್ಲಿ ಸೊಪ್ಪಿನ ಔಷಧಿ ಕೊಡ್ತಾರೆ, ಹೋಗಿ ಬಾ' ಅಂದರು ಪಕ್ಕದ ಮನೆಯವರು. ಪುಣ್ಯಕ್ಕೆ ಮಗಳು ಹಟ ಮಾಡಿ ಆಸ್ಪತ್ರೆಗೆ ಕರೆದೊಯ್ದಳು.

ಸಣ್ಣ ಕಲ್ಲೊಂದು ಚೀಲದಿಂದ ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ದೊಡ್ಡ ಕಲ್ಲು ಚೀಲದಲ್ಲೇ ಉಳಿಯಬಹುದು, ಸಣ್ಣದು ಸುಲಭವಾಗಿ ಜಾರುತ್ತದೆ. ಪಿತ್ತ ಹರಿಯುವ ದಾರಿ ಮುಚ್ಚಿದರೆ ಕಾಮಾಲೆ. ಅಲ್ಲಿ ಸೋಂಕಾದರೆ ಚಳಿಜ್ವರ. ಅಲ್ಲೇ ಪಕ್ಕದಲ್ಲಿರುವ ಮೇದೋಜೀರಕ ಗ್ರಂಥಿಯೂ ಊದಿಕೊಂಡರೆ ಪ್ರಾಣಕ್ಕೇ ಸಂಚಕಾರ. ನನಗೆ ಅಲ್ಲಿಯವರೆಗೆ ಹೋಗಲಿಲ್ಲ. ಮೊದಲು ಬಾಯಿಯ ಮೂಲಕ ಕೊಳವೆ ಇಳಿಸಿ, ಇಆರ್‌ಸಿಪಿ ಅನ್ನುವ ವಿಧಾನದಲ್ಲಿ ನಾಳದ ಕಲ್ಲು ತೆಗೆದರು. ಕಾಮಾಲೆ ಇಳಿಯುವವರೆಗೆ ಕಾದು ಪಿತ್ತಕೋಶದ ಆಪರೇಷನ್ ಮಾಡಿದರು. ಒಂದಾಗಬೇಕಿದ್ದದ್ದು ಎರಡಾಯಿತು. ಬಿಲ್ಲೂ ಹಾಗೇ ಬೆಳೆಯಿತು.

ಚಿಕ್ಕಮ್ಮನ ಗಾಯ, ನನ್ನ ಗಾಯ

ನಾನು ಮುಂದೂಡಿದ್ದಕ್ಕೆ ಹೆದರಿಕೆಯೂ ಒಂದು ಕಾರಣ. ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮನಿಗೆ ಇದೇ ಆಪರೇಷನ್ ಆಗಿತ್ತು. ಪಕ್ಕೆಲುಬಿನ ಕೆಳಗೆ ಗೇಣುದ್ದ ಗಾಯ, ಹತ್ತು ದಿನ ಆಸ್ಪತ್ರೆ, ಎರಡು ತಿಂಗಳು ಹಾಸಿಗೆ. ಕೆಮ್ಮು ಬಂದರೆ ಅವರು ದಿಂಬು ಅಪ್ಪಿಕೊಂಡು ಅಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಕಾಲ ಬದಲಾಗಿದೆ. ಪಿತ್ತಕೋಶವನ್ನು ಮೊದಲ ಸಲ ತೆಗೆದದ್ದು 1882ರಲ್ಲಿ, ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್. ನೂರು ವರ್ಷ ಎಲ್ಲರೂ ಹೊಟ್ಟೆ ಕೊಯ್ದೇ ತೆಗೆಯುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿ ವಿಧಾನದಲ್ಲಿ ತೆಗೆದು ತೋರಿಸಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ ಇದನ್ನು ಶುರು ಮಾಡಿದರು. ಈಗ ಜಿಲ್ಲಾ ಕೇಂದ್ರಗಳಲ್ಲೂ ಇದು ಮಾಮೂಲಿ. ಹೊಟ್ಟೆಯ ಮೇಲೆ ಸಾಮಾನ್ಯವಾಗಿ ನಾಲ್ಕು ತೂತು, ಅರ್ಧದಿಂದ ಒಂದು ಸೆಂಟಿಮೀಟರ್‌ನಷ್ಟು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಲಕರಣೆ. ಒಳಗೆ ತುಂಬಾ ಅಂಟಿಕೊಂಡಿದ್ದರೆ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಿ ಬರಬಹುದು. ಇದನ್ನು ಮೊದಲೇ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಗಾಬರಿ ಬೇಡ. ಅದು ತಪ್ಪಲ್ಲ, ನಿಮ್ಮ ಜೀವದ ಕಾಳಜಿ.

'ಬರೀ ಕಲ್ಲು ತೆಗೆದರೆ ಸಾಲದಾ, ಚೀಲವನ್ನೇ ಯಾಕೆ?' ಅಂತ ನಾನೂ ಕೇಳಿದೆ. ಚೀಲ ಬಿಟ್ಟರೆ ಮತ್ತೆ ಕಲ್ಲು ಕಟ್ಟುತ್ತದಂತೆ. ಚೀಲ ಹೋದರೂ ಪಿತ್ತರಸ ನಿಲ್ಲೋದಿಲ್ಲ. ಲಿವರ್‌ನಿಂದ ನೇರವಾಗಿ ಕರುಳಿಗೆ ಹರಿಯುತ್ತಿರುತ್ತದೆ.

ಎಚ್ಚರವಾದ ಮೇಲೆ

ಕಣ್ಣು ಬಿಟ್ಟಾಗ ಹೊಟ್ಟೆಗಿಂತ ಹೆಚ್ಚು ನೋಯುತ್ತಿದ್ದದ್ದು ಬಲಭುಜ! ಮಲಗಿಸುವಾಗ ಕೈ ತಿರುಚಿದರೇನೋ ಅಂದುಕೊಂಡೆ. ನರ್ಸಮ್ಮ ನಕ್ಕರು. ಒಳಗೆ ಜಾಗ ಮಾಡಿಕೊಳ್ಳಲು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ಎದೆ-ಹೊಟ್ಟೆ ನಡುವಿನ ವಪೆಯನ್ನು ಕೆರಳಿಸುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಏಳು ತಿಂಗಳು ಗ್ಯಾಸಲ್ಲದ್ದನ್ನು ಗ್ಯಾಸ್ ಅಂದವಳಿಗೆ ಕೊನೆಗೆ ನಿಜವಾದ ಗ್ಯಾಸೇ ಬಂದಿತ್ತು! ಅಂದು ಸಂಜೆಯೇ ಕೈಹಿಡಿದು ನಡೆಸಿದರು. ನಡೆದಷ್ಟೂ ಆ ನೋವು ಬೇಗ ಹೋಗುತ್ತದೆ. ಎರಡು ಮೂರು ದಿನದಲ್ಲಿ ನನಗೆ ಪೂರ್ತಿ ಹೋಯಿತು.

ಡಬ್ಬಿಯಲ್ಲಿ ಕಲ್ಲು ಹಾಕಿಕೊಟ್ಟರು. ಸಾಸಿವೆಯಿಂದ ಹೆಸರುಕಾಳಿನ ಗಾತ್ರದವರೆಗೆ, ಎಣಿಸಿದರೆ ಇಪ್ಪತ್ತಮೂರು. ಕಲ್ಲು ನೋಡಿ ಖುಷಿಪಟ್ಟು ಸುಮ್ಮನಾಗಬೇಡಿ. ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಿರುತ್ತಾರೆ. ಆ ರಿಪೋರ್ಟನ್ನು ಕೇಳಿ ಪಡೆದು ಡಾಕ್ಟರಿಗೆ ತೋರಿಸಿ.

ಮನೆಗೆ ಬಂದ ಮೇಲೆ

ನಿಜವಾದ ಕಷ್ಟ ಶುರುವಾಗೋದು ಇಲ್ಲಿ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪ್ಲಾಸ್ಟರ್. ನೋಡಲು ಬಂದವರೆಲ್ಲ 'ಅಯ್ಯೋ, ಇಷ್ಟೇನಾ!' ಅಂದರು. ಕೇಳಿ ಕೇಳಿ ನನಗೂ ಇಷ್ಟೇ ಅನ್ನಿಸಿತು. ಗಾಯ ಚಿಕ್ಕದಾದರೆ ಆಪರೇಷನ್ನೂ ಚಿಕ್ಕದು ಅಂತ ತಿಳಿಯಬೇಡಿ. ಒಳಗಿನ ಗಾಯ ನಮಗಾಗಲೀ ಬಂದವರಿಗಾಗಲೀ ಕಾಣೋದಿಲ್ಲ.

ನಮ್ಮ ಅತ್ತೆಗೆ ನನ್ನ ಮೇಲೆ ಬಹಳ ಪ್ರೀತಿ. 'ಆಪರೇಷನ್ ಆದ ಮೈ, ಶಕ್ತಿ ಬರಲಿ' ಅಂತ ಐದನೇ ದಿನಕ್ಕೇ ತುಪ್ಪ ಸುರಿದು ಅಂಟಿನುಂಡೆ ಕಟ್ಟಿದರು. ಎರಡು ತಿಂದೆ. ಆಮೇಲೆ ಇಡೀ ದಿನ ಬಾತ್‌ರೂಮಿನಲ್ಲೇ ಕಳೆದೆ. ಇದು ಬಾಣಂತನವಲ್ಲ. ಪಿತ್ತ ಕೂಡಿಡುವ ಚೀಲ ಇಲ್ಲದ್ದರಿಂದ ಒಂದೇ ಸಲ ಬಂದ ಜಿಡ್ಡನ್ನು ಅರಗಿಸಿಕೊಳ್ಳಲು ದೇಹಕ್ಕೆ ಸ್ವಲ್ಪ ಕಾಲ ಬೇಕು. ನನಗೆ ಒಗ್ಗಿದ್ದು ಇಡ್ಲಿ, ರವೆ ಗಂಜಿ, ಮೆತ್ತಗಿನ ಅನ್ನ-ತಿಳಿಸಾರು, ಬೇಯಿಸಿದ ತರಕಾರಿ, ಕೆನೆ ತೆಗೆದ ಮಜ್ಜಿಗೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ತಿಂದೆ. ಒಂದು ತಿಂಗಳಾದ ಮೇಲೆ ಒಗ್ಗರಣೆ, ಆಮೇಲೆ ಚಮಚ ತುಪ್ಪ. ಈಗ ಒಬ್ಬಟ್ಟೂ ತಿನ್ನುತ್ತೇನೆ, ಒಂದೇ! ಕೆಲವರಿಗೆ ಭೇದಿ ಹೆಚ್ಚು ದಿನ ಕಾಡಬಹುದು. ಅದಕ್ಕೆ ಮಾತ್ರೆಯಿದೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಹನ್ನೆರಡನೇ ದಿನ ಇನ್ನೊಂದು ಎಡವಟ್ಟು. ಹಾಲು ಕಾಯಿಸುವಾಗ ಸಿಲಿಂಡರ್ ಖಾಲಿಯಾಯಿತು. ಮನೆಯವರು ಹೊರಗೆ ಪೇಪರ್ ಓದುತ್ತಿದ್ದರು. ನಾನೇ ತುಂಬಿದ ಸಿಲಿಂಡರ್ ಎಳೆದು ಎತ್ತಿಟ್ಟೆ. ಅದರಲ್ಲಿರುವ ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿದರೆ ಸುಮಾರು ಮೂವತ್ತು. ಹೊಕ್ಕಳ ಹತ್ತಿರ ಚಳಕ್ಕೆಂದಿತು, ಅಲ್ಲೇ ಕೂತೆ. ಅದೃಷ್ಟಕ್ಕೆ ಏನೂ ಆಗಿರಲಿಲ್ಲ. ತೂತಿನ ಜಾಗದಲ್ಲಿ ಹರ್ನಿಯಾ ಆಗಬಹುದಿತ್ತು ಅಂತ ಡಾಕ್ಟರು ಬೈದರು. ಮನೆಯವರು ಕೇಳಿದ್ದು ಒಂದೇ ಮಾತು: 'ಒಂದು ಸಲ ಕೂಗಿದ್ರೆ ಬರ್ತಿರ್ಲಿಲ್ವಾ?'

ಬರ್ತಿದ್ದರು. ಕೂಗುವ ಅಭ್ಯಾಸವೇ ನನಗಿರಲಿಲ್ಲ.

ಆದ್ದರಿಂದ ಆಸ್ಪತ್ರೆಗೆ ಹೋಗುವ ಮುಂಚೆಯೇ ಮನೆಯವರನ್ನು ಕೂರಿಸಿಕೊಂಡು ಹೇಳಿ. ನಾಲ್ಕರಿಂದ ಆರು ವಾರ ಕೊಡ, ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್ ನನ್ನದಲ್ಲ. ಸ್ಕೂಟರ್ ಓಡಿಸೋದು ಡಾಕ್ಟರು ಹೂಂ ಅಂದ ಮೇಲೆ. ನಡೆದಾಟ, ಕೂತು ತರಕಾರಿ ಹೆಚ್ಚೋದು ಧಾರಾಳವಾಗಿ ಮಾಡಬಹುದು. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳಿ. ಕೆಮ್ಮು, ಸೀನು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಚಿಕ್ಕಮ್ಮನ ಈ ಉಪಾಯ ಇವತ್ತಿಗೂ ಕೆಲಸ ಮಾಡುತ್ತೆ. ಸೀರೆಯ ಲಂಗದ ಲಾಡಿ ಹೊಕ್ಕಳ ಹತ್ತಿರದ ಗಾಯಕ್ಕೆ ತಾಗುತ್ತದೆ, ಒಂದೆರಡು ವಾರ ಸಡಿಲವಾದ ನೈಟಿಯೇ ವಾಸಿ.

ಎಲ್ಲರಿಗೂ ಆಪರೇಷನ್ ಬೇಕಾ?

ಖಂಡಿತ ಇಲ್ಲ. ನನ್ನ ಓರಗಿತ್ತಿಗೆ ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಒಂದು ಕಲ್ಲು ಕಂಡಿತು. ಒಂದು ದಿನವೂ ನೋವು ಬಂದಿಲ್ಲ. ಅವಳಿಗೆ ಅದೇ ಡಾಕ್ಟರು 'ಅದರ ಪಾಡಿಗೆ ಇರಲಿ ಬಿಡಿ' ಅಂದರು. ತೊಂದರೆ ಕೊಡದೆ ಸುಮ್ಮನಿರುವ ಕಲ್ಲನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೋವು ಕೊಡಲು ಶುರು ಮಾಡಿದ ಕಲ್ಲು ಮಾತ್ರ ಮತ್ತೆ ಮತ್ತೆ ಕೊಡುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನೋದನ್ನು ಡಾಕ್ಟರು ಹೇಳಲಿ. ಸಂಶಯವಿದ್ದರೆ ಇನ್ನೊಬ್ಬ ಸರ್ಜನ್ ಹತ್ತಿರ ಕೇಳಿ, ಯಾರೂ ಬೇಸರ ಮಾಡಿಕೊಳ್ಳೋದಿಲ್ಲ. ಖರ್ಚಿನ ವಿಚಾರವನ್ನೂ ಮುಂಚೆಯೇ ವಿಚಾರಿಸಿ. ಹಲವು ವಿಮಾ ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲಿಗೆ ಕಾಯುವ ಅವಧಿ ಇರುತ್ತದೆ.

ಇವತ್ತು ರಾತ್ರಿ ಓಮದ ಡಬ್ಬಿಗೆ ಕೈ ಹಾಕುವಾಗ ಒಮ್ಮೆ ಯೋಚಿಸಿ, ಈ ತಿಂಗಳಲ್ಲಿ ಇದು ಎಷ್ಟನೇ ಸಲ? ಎರಡೋ ಮೂರೋ ಆಗಿದ್ದರೆ ನಾಳೆ ಬೆಳಗ್ಗೆ ಚಪಾತಿ ಹಿಟ್ಟು ಬೇರೆ ಯಾರಾದರೂ ಕಲೆಸಲಿ. ನೀವು ಬರೀ ಹೊಟ್ಟೆಯಲ್ಲಿ ಸ್ಕ್ಯಾನಿಂಗ್‌ಗೆ ಹೋಗಿ ಬನ್ನಿ.

ಇವು ಕಂಡರೆ ಕಾಯಬೇಡಿ

ಆಪರೇಷನ್‌ಗೆ ಮುಂಚೆ:
* ನಾಲ್ಕೈದು ಗಂಟೆಯಾದರೂ ಇಳಿಯದ ನೋವು, ಜತೆಗೆ ವಾಂತಿ
* ಚಳಿಜ್ವರ
* ಕಣ್ಣು, ಚರ್ಮ ಹಳದಿಯಾಗುವುದು. ಕಡು ಬಣ್ಣದ ಮೂತ್ರ, ಬಿಳಿಚಿದ ಮಲ
* ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ (ಇದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ)

ಆಪರೇಷನ್ ಆದ ಮೇಲೆ:
* ದಿನದಿಂದ ದಿನಕ್ಕೆ ಇಳಿಯುವ ಬದಲು ಏರುವ ಹೊಟ್ಟೆನೋವು, ಹೊಟ್ಟೆಯುಬ್ಬರ
* ಜ್ವರ, ನಿಲ್ಲದ ವಾಂತಿ
* ಗಾಯದ ಸುತ್ತ ಕೆಂಪು, ಕೀವು, ದುರ್ವಾಸನೆ
* ಮತ್ತೆ ಕಾಣಿಸಿಕೊಂಡ ಹಳದಿ ಬಣ್ಣ
* ಕಾಲಿನ ಮೀನಖಂಡದಲ್ಲಿ ನೋವು, ಊತ